ಜೂಲಿ ಯಾಕೆ ಅಳುವುದಿಲ್ಲ? ‘ತ್ರೀ ಕಲರ್ಸ್: ಬ್ಲೂ’ ಸಿನಿಮಾದ ಒಳಗೊಂದು ಸುತ್ತು

ಸಿನಿಮಾ ಶುರುವಾಗಿ ಕೆಲವೇ ನಿಮಿಷಕ್ಕೆ ಒಂದು ಕಾರು ಮರಕ್ಕೆ ಗುದ್ದುತ್ತದೆ. ಗುದ್ದುವುದು ನಮಗೆ ಕಾಣುವುದಿಲ್ಲ. ಮಂಜು ಮುಸುಕಿದ ರಸ್ತೆ ಬದಿಯಲ್ಲಿ ಹುಡುಗನೊಬ್ಬ ಕೂತು ಕೋಲಿಗೆ ಚೆಂಡು ಸಿಕ್ಕಿಸುವ ಆಟ ಆಡುತ್ತಿರುತ್ತಾನೆ. ಕೊನೆಗೂ ಚೆಂಡು ಸಿಕ್ಕಿಕೊಳ್ಳುತ್ತದೆ. ಅವನ ಮುಖದಲ್ಲಿ ನಗು. ಅಷ್ಟರಲ್ಲಿ ಆ ಸದ್ದು. ಕಾರಿನ ಅಡಿಯಿಂದ ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿದ್ದುದನ್ನು ನಾವು ಮೊದಲೇ ನೋಡಿರುತ್ತೇವೆ, ಕಾರಿನಲ್ಲಿದ್ದವರು ನೋಡಿರುವುದಿಲ್ಲ. ಹೆಸರಾಂತ ಸಂಗೀತ ಸಂಯೋಜಕ ಪ್ಯಾಟ್ರಿಸ್ ಮತ್ತು ಅವನ ಪುಟ್ಟ ಮಗಳು ಆನ್ನಾ ತೀರಿಕೊಳ್ಳುತ್ತಾರೆ. ಹೆಂಡತಿ ಜೂಲಿ ಮಾತ್ರ ಬದುಕುತ್ತಾಳೆ.

1993ರಲ್ಲಿ ಬಂದ ‘ತ್ರೀ ಕಲರ್ಸ್: ಬ್ಲೂ’ ಸಿನಿಮಾದ ಘಟನೆ ಅಂದರೆ ಇಷ್ಟೇ. ಇನ್ನುಳಿದ ಒಂದೂವರೆ ಗಂಟೆ, ಉಳಿದುಕೊಂಡವಳು ಏನು ಮಾಡುತ್ತಾಳೆ ಅನ್ನುವುದು. ಎಷ್ಟೋ ಜನ ಇದನ್ನು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಏನೂ ನಡೆಯುವುದಿಲ್ಲ, ನಾಯಕಿ ಮಾತಾಡುವುದಿಲ್ಲ, ನಡುನಡುವೆ ಪರದೆ ಸುಮ್ನೆ ಕಪ್ಪಾಗುತ್ತದೆ ಅನ್ನುವುದು ಅವರ ದೂರು. ದೂರು ಸುಳ್ಳೇನಲ್ಲ. ಆದರೆ ಅದರ ಲೆಕ್ಕಾಚಾರ ಒಮ್ಮೆ ತಿಳಿದರೆ ಇಷ್ಟು ನೇರವಾದ ಸಿನಿಮಾ ಇನ್ನೊಂದಿಲ್ಲ ಅನ್ನಿಸುತ್ತದೆ. ಕಥೆಯನ್ನು ಕೊನೆಯವರೆಗೂ ಹೇಳದೆ ಆ ಲೆಕ್ಕಾಚಾರ ವಿವರಿಸಲು ಆಗುವುದಿಲ್ಲ. ಹಾಗಾಗಿ, ಕಥೆ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಸಿನಿಮಾ ನೋಡಿ ಬಂದು ಓದಬಹುದು.

ಮೊದಲು ಹಿನ್ನೆಲೆ. ನಿರ್ದೇಶಕ ಕ್ಷಿಶ್ತೊಫ್ ಕಿಯೆಶ್ಲೋವ್‌ಸ್ಕಿ ಪೋಲೆಂಡಿನವರು. 1941ರಲ್ಲಿ ವಾರ್ಸಾದಲ್ಲಿ ಹುಟ್ಟಿ, ವುಚ್ ನಗರದ ಸಿನಿಮಾ ಶಾಲೆಯಲ್ಲಿ ಓದಿ, ವರ್ಷಗಟ್ಟಲೆ ಸಾಕ್ಷ್ಯಚಿತ್ರ ಮಾಡಿದವರು. ಅವರ ಜೊತೆ ಚಿತ್ರಕಥೆ ಬರೆದ ಕ್ಷಿಶ್ತೊಫ್ ಪೀಸಿಯೆವಿಚ್ ವೃತ್ತಿಯಿಂದ ವಕೀಲರು. ಇಬ್ಬರೂ ಸೇರಿ ಫ್ರಾನ್ಸಿನ ಧ್ವಜದ ಮೂರು ಬಣ್ಣಗಳ ಮೇಲೆ ಮೂರು ಸಿನಿಮಾ ಬರೆದರು. ನೀಲಿಗೆ ಸ್ವಾತಂತ್ರ್ಯ, ಬಿಳಿಗೆ ಸಮಾನತೆ, ಕೆಂಪಿಗೆ ಸೋದರಭಾವ. ಇದನ್ನು ಕೇಳಿದವರು ಏನೋ ದೊಡ್ಡ ರಾಜಕೀಯ ಇದೆ ಅಂದುಕೊಂಡರೆ ಕಿಯೆಶ್ಲೋವ್‌ಸ್ಕಿ ನಗುತ್ತಿದ್ದರು. ದುಡ್ಡು ಫ್ರಾನ್ಸಿನದು, ಅದಕ್ಕೇ ಫ್ರಾನ್ಸಿನ ಪದಗಳು ಅನ್ನುವ ಧಾಟಿಯಲ್ಲಿ ಉತ್ತರ ಕೊಡುತ್ತಿದ್ದರು. ಓಟು ಹಾಕುವ, ಪಾಸ್‌ಪೋರ್ಟ್ ಪಡೆಯುವ ಸ್ವಾತಂತ್ರ್ಯ ಅವರಿಗೆ ಇಲ್ಲಿ ಮುಖ್ಯವಲ್ಲ. ಅವರ ಪ್ರಶ್ನೆ ಬೇರೆ. ನೆನಪಿನಿಂದ, ಪ್ರೀತಿಯಿಂದ, ಸಂಬಂಧದಿಂದ ಮನುಷ್ಯನಿಗೆ ಬಿಡುಗಡೆ ಇದೆಯಾ?

ಆ ಪ್ರಶ್ನೆ ಕೇಳಲು ಅವರು ಆರಿಸಿಕೊಂಡ ಪಾತ್ರ ನೋಡಿ. ಗಂಡ ಇಲ್ಲ, ಮಗಳಿಲ್ಲ. ದುಡ್ಡಿಗೆ ತೊಂದರೆ ಇಲ್ಲ, ವಯಸ್ಸು ಇದೆ, ಯಾರ ಮುಲಾಜೂ ಇಲ್ಲ. ಹೊರಗಿನಿಂದ ನೋಡಿದರೆ ಜೂಲಿಗಿಂತ ಸ್ವತಂತ್ರರು ಯಾರಿದ್ದಾರೆ? ಎಷ್ಟು ಕ್ರೂರವಾದ ಸ್ವಾತಂತ್ರ್ಯ ಅಲ್ವಾ. ಎಲ್ಲವನ್ನೂ ಕಳೆದುಕೊಂಡವಳಿಗೆ ಮಾತ್ರ ಸಿಗುವಂಥದ್ದು. ಅವಳು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಸಿನಿಮಾದ ಮುಕ್ಕಾಲು ಪಾಲು ಈ ಹಿಡಿತದ ಕಥೆ, ಉಳಿದ ಕಾಲು ಅದು ಸಡಿಲವಾಗುವ ಕಥೆ.

ಆಸ್ಪತ್ರೆಯಲ್ಲಿ ಜೂಲಿ ಸಾಯಲು ಹೊರಡುತ್ತಾಳೆ. ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡವಳಿಗೆ ನುಂಗಲು ಆಗುವುದಿಲ್ಲ. ಉಗಿದು, ನೋಡುತ್ತಾ ನಿಂತಿದ್ದ ನರ್ಸ್ ಹತ್ತಿರ ಕ್ಷಮೆ ಕೇಳುತ್ತಾಳೆ, ತಾನು ಒಡೆದ ಕಿಟಕಿ ಗಾಜಿಗೂ ಸೇರಿಸಿ. ಅಂತ್ಯಸಂಸ್ಕಾರವನ್ನು ನೋಡುವುದು ಹಾಸಿಗೆಯಲ್ಲಿ ಮಲಗಿ, ಪುಟ್ಟ ಟಿವಿಯಲ್ಲಿ. ಮನೆಗೆ ಬಂದ ಮೇಲೆ ಎಲ್ಲವನ್ನೂ ಖಾಲಿ ಮಾಡಿಸುವ ಕೆಲಸ ಶುರು. ಗಂಡ ಅರ್ಧಕ್ಕೆ ಬಿಟ್ಟುಹೋದ ಸಂಗೀತದ ಹಾಳೆಗಳನ್ನು ನಕಲು ಮಾಡುವವಳಿಂದ ತೆಗೆದುಕೊಂಡು ಹೋಗಿ ಕಸದ ಲಾರಿಗೆ ಎಸೆಯುತ್ತಾಳೆ. ಕೈಚೀಲದಲ್ಲಿ ಮಗಳ ಲಾಲಿಪಾಪ್ ಸಿಗುತ್ತದೆ. ಅದನ್ನು ಕಟಕಟ ಕಡಿದು ತಿಂದು ಮುಗಿಸುತ್ತಾಳೆ. ಚಪ್ಪರಿಸುವುದಿಲ್ಲ, ಕಡಿಯುತ್ತಾಳೆ. ಜೂಲಿಯೆಟ್ ಬಿನೋಶ್ ಎಂಥ ನಟಿ ಅನ್ನುವುದಕ್ಕೆ ಆ ಅರ್ಧ ನಿಮಿಷ ಸಾಕು. ಈ ಪಾತ್ರಕ್ಕಾಗಿ ಅವರು ಸ್ಪೀಲ್‌ಬರ್ಗ್‌ರ ಡೈನೋಸಾರ್ ಸಿನಿಮಾ ಬಿಟ್ಟರು. ಒಳ್ಳೆಯದೇ ಆಯಿತು.

ಆ ಮನೆಯಲ್ಲಿ ವಯಸ್ಸಾದ ಕೆಲಸದಾಕೆಯೊಬ್ಬಳು ಒಳಗೆ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿರುತ್ತಾಳೆ. ಯಾಕೆ ಅಳುತ್ತೀ ಅಂತ ಜೂಲಿ ಕೇಳಿದರೆ ‘ನೀವು ಅಳುತ್ತಿಲ್ಲವಲ್ಲ, ಅದಕ್ಕೇ’ ಅನ್ನುತ್ತಾಳೆ. ಜೂಲಿ ಕಲ್ಲು ಹೃದಯದವಳಲ್ಲ. ಶವಪೆಟ್ಟಿಗೆ ತೋರಿಸುವಾಗ ಅವಳ ತುಟಿ ನಡುಗುವುದನ್ನು ನಾವು ನೋಡಿದ್ದೇವೆ. ಅಳುವುದು ಅಂದರೆ ಕಳೆದುಕೊಂಡೆ ಅಂತ ಒಪ್ಪಿಕೊಳ್ಳುವುದು. ಒಪ್ಪಿಕೊಂಡರೆ ಕಳೆದುಹೋದವರ ಜೊತೆ ಸಂಬಂಧ ಇನ್ನೂ ಇದೆ ಅಂತಾಯಿತು. ಅವಳಿಗೆ ಬೇಡವಾಗಿರುವುದು ಅದೇ. ಗಂಡನ ಜೊತೆ ಕೆಲಸ ಮಾಡುತ್ತಿದ್ದ, ತನ್ನನ್ನು ಗುಟ್ಟಾಗಿ ಪ್ರೀತಿಸುತ್ತಿದ್ದ ಒಲಿವಿಯೆ ಎಂಬವನನ್ನು ಒಂದು ರಾತ್ರಿ ಮನೆಗೆ ಕರೆಯುತ್ತಾಳೆ. ಬೆಳಗ್ಗೆ ಕಾಫಿ ಕೊಟ್ಟು, ನಾನೂ ಎಲ್ಲರ ಹಾಗೆ ಬೆವರುತ್ತೇನೆ, ಕೆಮ್ಮುತ್ತೇನೆ, ನನ್ನ ನೆನಪು ನಿನಗೆ ಬರುವುದಿಲ್ಲ ಅಂತ ಹೇಳಿ ಹೊರಟೇ ಹೋಗುತ್ತಾಳೆ. ದಾರಿಯಲ್ಲಿ ಕಲ್ಲಿನ ಗೋಡೆಗೆ ಬೆರಳಿನ ಗೆಣ್ಣುಗಳನ್ನು ಉಜ್ಜಿಕೊಂಡೇ ನಡೆಯುತ್ತಾಳೆ, ರಕ್ತ ಬರುವವರೆಗೆ. ಬಾಯಿ ಹೇಳದೇ ಇದ್ದುದನ್ನು ಕೈ ಹೇಳುವ ಜಾಗ ಇದು.

ಮುಂದೆ ಪ್ಯಾರಿಸ್. ಮೂಫ್ತಾರ್ ಬೀದಿಯಲ್ಲಿ ಒಂದು ಫ್ಲ್ಯಾಟ್. ಮಕ್ಕಳಿಲ್ಲದ ಕಟ್ಟಡವೇ ಬೇಕು ಅನ್ನುವುದು ಅವಳ ಷರತ್ತು. ದಿನಾ ಅದೇ ಕಾಫಿ ಅಂಗಡಿ, ಅದೇ ಈಜುಕೊಳ. ಮರೆವಿನ ಕಾಯಿಲೆ ಬಂದು ವೃದ್ಧಾಶ್ರಮದಲ್ಲಿರುವ ತಾಯಿಯನ್ನು ನೋಡಲು ಹೋದಾಗ ತನ್ನ ಯೋಜನೆ ಏನು ಅಂತ ತಾನೇ ಹೇಳುತ್ತಾಳೆ. ಇನ್ನು ಮೇಲೆ ನನಗಿರುವ ಕೆಲಸ ಒಂದೇ, ಏನೂ ಮಾಡದೆ ಇರುವುದು. ಆಸ್ತಿ ಬೇಡ, ನೆನಪು ಬೇಡ, ಗೆಳೆಯರು ಬೇಡ, ಪ್ರೀತಿ ಬೇಡ. ಎಲ್ಲವೂ ಬಲೆ. ತಾಯಿಗೆ ಇದು ಅರ್ಥವಾಗುವುದೂ ಇಲ್ಲ, ಅವಳು ಮಗಳನ್ನು ತನ್ನ ತಂಗಿ ಅಂದುಕೊಂಡಿರುತ್ತಾಳೆ. ನೆನಪೇ ಇಲ್ಲದಿದ್ದರೆ ಬಿಡುಗಡೆ ಅಂತ ನಂಬಿರುವ ಮಗಳ ಎದುರಿಗೆ, ನಿಜವಾಗಿಯೂ ನೆನಪು ಕಳೆದುಕೊಂಡ ತಾಯಿ. ಜೂಲಿ ಬಯಸುತ್ತಿರುವುದು ನಿಜವಾದರೆ ಹೇಗಿರುತ್ತದೆ ಅಂತ ನಿರ್ದೇಶಕರು ಒಂದೇ ಕೋಣೆಯಲ್ಲಿ ತೋರಿಸಿಬಿಡುತ್ತಾರೆ.

ಈಗ ಆ ಕಪ್ಪು ಪರದೆಗೆ ಬರೋಣ. ಸಿನಿಮಾದಲ್ಲಿ ದೃಶ್ಯ ಮೆಲ್ಲಗೆ ಕಪ್ಪಾದರೆ ನಾವು ಹೊತ್ತು ಸರಿಯಿತು ಅಂದುಕೊಳ್ಳುತ್ತೇವೆ. ರಾತ್ರಿ ಹೋಗಿ ಬೆಳಗಾಯಿತು, ಇಲ್ಲವೇ ವರ್ಷ ಕಳೆಯಿತು. ಇಲ್ಲಿ ಹಾಗಲ್ಲ. ಯಾರೋ ಜೂಲಿಗೆ ಒಂದು ಪ್ರಶ್ನೆ ಕೇಳುತ್ತಾರೆ, ಇಲ್ಲವೇ ಮಾತಾಡಿಸುತ್ತಾರೆ. ದಡ್ ಅಂತ ವಾದ್ಯಗಳು ಮೊಳಗುತ್ತವೆ, ಪರದೆ ಕಪ್ಪಾಗುತ್ತದೆ. ಮತ್ತೆ ಬೆಳಕು ಬಂದಾಗ ಅದೇ ಜಾಗ, ಅದೇ ಮುಖ, ಅದೇ ಕ್ಷಣ. ಅವಳು ಉತ್ತರ ಕೊಡುತ್ತಾಳೆ. ಹೊರಗಿನ ಗಡಿಯಾರದಲ್ಲಿ ಒಂದು ಸೆಕೆಂಡೂ ಸರಿದಿಲ್ಲ, ಅವಳ ಒಳಗೆ ಮಾತ್ರ ಏನೋ ನಡೆದುಹೋಗಿದೆ. ಇದು ನಾಲ್ಕು ಸಲ ಆಗುತ್ತದೆ. ಆಸ್ಪತ್ರೆಗೆ ಬಂದ ಪತ್ರಕರ್ತೆಯ ಮುಂದೆ ಮೊದಲನೆಯದು. ಅಪಘಾತ ನೋಡಿದ್ದ ಆ ಹುಡುಗ ಆಂತ್ವಾನ್, ಏನಾದರೂ ತಿಳಿಯಬೇಕಾ ಅಂತ ಕೇಳಿದಾಗ ಎರಡನೆಯದು. ಈಜುಕೊಳದಲ್ಲಿ ಪಕ್ಕದ ಮನೆಯ ಲುಸೀಲ್, ಅಳುತ್ತಿದ್ದೀಯಾ ಅಂದಾಗ ಮೂರನೆಯದು. ಈಗ ಏನು ಮಾಡುತ್ತೀಯ ಅಂತ ಒಲಿವಿಯೆ ಕೇಳಿದಾಗ ಕೊನೆಯದು.

ದುಃಖ ಬರುವುದೂ ಹೀಗೇ. ಅದು ದಿನವಿಡೀ ಒಂದೇ ಸಮನೆ ಇರುವುದಿಲ್ಲ. ತರಕಾರಿ ಕೊಳ್ಳುವಾಗಲೋ, ಲಿಫ್ಟ್‌ಗೆ ಕಾಯುವಾಗಲೋ ಒಮ್ಮೆಲೇ ಮೇಲೆ ಬೀಳುತ್ತದೆ. ಎದುರಿಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ನಾವು ಏನೂ ಆಗದವರ ಹಾಗೆ ಮಾತು ಮುಂದುವರಿಸುತ್ತೇವೆ. ಇದನ್ನು ಸಂಭಾಷಣೆಯಲ್ಲಿ ಬರೆಯಲು ಹೋಗಿದ್ದರೆ ಅರ್ಧ ಪುಟದ ಭಾಷಣವಾಗುತ್ತಿತ್ತು. ಕಿಯೆಶ್ಲೋವ್‌ಸ್ಕಿ ಪರದೆಯನ್ನೇ ಆರಿಸಿಬಿಟ್ಟರು.

ಇನ್ನೊಂದು ಸಕ್ಕರೆ ತುಂಡಿನ ಕಥೆ ಇದೆ. ಕಾಫಿ ಅಂಗಡಿಯಲ್ಲಿ ಜೂಲಿ ಸಕ್ಕರೆ ತುಂಡಿನ ತುದಿಯನ್ನು ಕಾಫಿಗೆ ತಾಗಿಸುತ್ತಾಳೆ. ಬಿಳಿ ತುಂಡು ಮೆಲ್ಲಗೆ ಕಂದು ಬಣ್ಣ ಹೀರಿಕೊಳ್ಳುತ್ತದೆ. ಅಷ್ಟು ಹತ್ತಿರದಿಂದ ಅದನ್ನು ಯಾಕೆ ತೋರಿಸಬೇಕು? ಈ ದೃಶ್ಯವನ್ನು ನಿರ್ದೇಶಕರೇ ಕ್ಯಾಮೆರಾ ಮುಂದೆ ಕೂತು ವಿವರಿಸಿದ್ದಾರೆ. ಜೂಲಿಗೆ ಸುತ್ತಲಿನ ಯಾವುದೂ ಬೇಡ. ಹುಡುಕಿಕೊಂಡು ಬಂದ ಒಲಿವಿಯೆ ಬೇಡ, ಹೊರಗೆ ಕೇಳುತ್ತಿರುವ ಕೊಳಲೂ ಬೇಡ. ಅದಕ್ಕೇ ಅವಳು ಜಗತ್ತನ್ನು ಒಂದು ಸಕ್ಕರೆ ತುಂಡಿನಷ್ಟಕ್ಕೆ ಕುಗ್ಗಿಸಿಕೊಂಡಿದ್ದಾಳೆ. ಆದರೆ ಪ್ರೇಕ್ಷಕ ಅದನ್ನು ಎಷ್ಟು ಹೊತ್ತು ತಡೆದುಕೊಳ್ಳುತ್ತಾನೆ? ಸುಮಾರು ಐದು ಸೆಕೆಂಡು ಅನ್ನುವುದು ಅವರ ಅಂದಾಜು. ಅಷ್ಟರಲ್ಲಿ ನೆನೆಯುವ ಸಕ್ಕರೆ ಹುಡುಕಲು ಸಹಾಯಕನೊಬ್ಬ ಅರ್ಧ ದಿನ ಬೇರೆ ಬೇರೆ ತುಂಡುಗಳನ್ನು ಅದ್ದುತ್ತಾ ಕೂತಿದ್ದನಂತೆ. ಕಲಾತ್ಮಕ ಸಿನಿಮಾದವರಿಗೆ ಪ್ರೇಕ್ಷಕರ ಚಿಂತೆ ಇರುವುದಿಲ್ಲ ಅನ್ನುವವರಿಗೆ ಇದನ್ನು ಹೇಳಬೇಕು.

ಛಾಯಾಗ್ರಾಹಕ ಸ್ವಾವೊಮಿರ್ ಇಝಾಕ್ ಕೂಡ ಇದೇ ದಾರಿ ಹಿಡಿದಿದ್ದಾರೆ. ಸಾವಿನ ಸುದ್ದಿ ಹೇಳುವ ವೈದ್ಯ ನಮಗೆ ಕಾಣುವುದು ಜೂಲಿಯ ಕಣ್ಣಿನೊಳಗಿನ ಪ್ರತಿಬಿಂಬವಾಗಿ. ಪರದೆಯ ತುಂಬ ಒಂದೇ ಕಣ್ಣು. ನಾವು ಜೂಲಿಯನ್ನು ದೂರದಿಂದ ನೋಡಿ ಅಯ್ಯೋ ಪಾಪ ಅನ್ನುವ ಜಾಗದಲ್ಲಿ ಇಲ್ಲ, ಅವಳ ರೆಪ್ಪೆಯೊಳಗೇ ಸಿಕ್ಕಿಹಾಕಿಕೊಂಡಿದ್ದೇವೆ.

ನೀಲಿ ಅಂದರೆ ದುಃಖ ಅಂತ ಬರೆದು ಮುಗಿಸುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ನೀಲಿ ಬಣ್ಣದ ಹಿಂದೆ ಹೆಚ್ಚಾಗಿ ಇರುವುದು ಮಗಳು. ಕಾರಿನ ಕಿಟಕಿಯಿಂದ ಗಾಳಿಗೆ ಹಿಡಿದ ಮಿಠಾಯಿ ಕಾಗದ, ಆ ಲಾಲಿಪಾಪ್, ನೀಲಿ ಬಣ್ಣ ಬಳಿದ ಕೋಣೆ, ಅಲ್ಲಿ ತೂಗುತ್ತಿದ್ದ ನೀಲಿ ಗಾಜಿನ ಮಣಿಗಳ ದೀಪ. ಏನೂ ಬೇಡ ಅಂದವಳು ಆ ಮಣಿಗಳ ಗೊಂಚಲನ್ನು ಮಾತ್ರ ಪ್ಯಾರಿಸಿಗೆ ಒಯ್ಯುತ್ತಾಳೆ. ಗಂಡನದು ಏನನ್ನೂ ಇಟ್ಟುಕೊಳ್ಳುವುದಿಲ್ಲ, ಮಗಳ ಬಣ್ಣವೊಂದನ್ನು ಬಿಡಲು ಆಗುವುದಿಲ್ಲ. ಮಗಳ ಬಗ್ಗೆ ಅವಳು ಸಿನಿಮಾದಲ್ಲಿ ಹೆಚ್ಚುಕಡಿಮೆ ಮಾತೇ ಆಡುವುದಿಲ್ಲ. ಅದಕ್ಕೆ ಬದಲು ಈ ಬಣ್ಣ ಇದೆ. ಈಜುಕೊಳದಲ್ಲೂ ಅಷ್ಟೇ. ನೀಲಿ ನೀರಿನಲ್ಲಿ ಒಬ್ಬಳೇ ಇರುವ ಅವಳ ಪಕ್ಕಕ್ಕೆ ಕೆಂಪು ಬಿಳಿ ತೊಟ್ಟ ಪುಟಾಣಿಗಳ ಹಿಂಡು ಧುಮುಕುತ್ತದೆ. ಧ್ವಜದ ಮೂರೂ ಬಣ್ಣ ಒಂದೇ ಚೌಕಟ್ಟಿನಲ್ಲಿ. ಜಾಣತನದ ತಮಾಷೆ ಇದು. ಆದರೆ ಜೂಲಿಗೆ ಕಾಣುವುದು ಮಕ್ಕಳು ಮಾತ್ರ.

ಹೀಗೆ, ಬೇಡ ಅಂದದ್ದೆಲ್ಲ ಒಂದೊಂದಾಗಿ ಬಾಗಿಲು ತಟ್ಟುತ್ತದೆ. ಫ್ಲ್ಯಾಟಿನ ಉಗ್ರಾಣದಲ್ಲಿ ಇಲಿಯೊಂದು ಮರಿ ಹಾಕುತ್ತದೆ. ಎಲ್ಲ ಬಿಟ್ಟು ಇಲಿಗೂ ಮಕ್ಕಳು! ಜೂಲಿಗೆ ಕೊಲ್ಲಲೂ ಆಗದು, ಇರಲೂ ಆಗದು. ಕೊನೆಗೆ ಪಕ್ಕದವರ ಬೆಕ್ಕನ್ನು ತಂದು ಬಿಡುತ್ತಾಳೆ. ಬಿಟ್ಟವಳಿಗೆ ಮತ್ತೆ ಆ ಮನೆಯೊಳಗೆ ಕಾಲಿಡುವ ಧೈರ್ಯ ಇಲ್ಲ. ಗಲೀಜು ತೊಳೆಯಲು ಹೋಗುವವಳು ಲುಸೀಲ್. ಈ ಲುಸೀಲ್ ರಾತ್ರಿ ಕ್ಲಬ್ಬಿನಲ್ಲಿ ಕುಣಿಯುವವಳು. ಅವಳನ್ನು ಓಡಿಸಬೇಕೆಂದು ಕಟ್ಟಡದವರೆಲ್ಲ ಸಹಿ ಹಾಕುವಾಗ ಜೂಲಿ ಹಾಕಿರುವುದಿಲ್ಲ. ಅದು ದೊಡ್ಡ ಮನಸ್ಸೇನಲ್ಲ, ಇದಕ್ಕೂ ನನಗೂ ಸಂಬಂಧವಿಲ್ಲ ಅನ್ನುವ ಧೋರಣೆ. ಅದರಿಂದಲೇ ಗೆಳೆತನ ಹುಟ್ಟಿಬಿಡುತ್ತದೆ. ಸಂಬಂಧ ಬೇಡ ಅನ್ನುವ ನಿಲುವೇ ಸಂಬಂಧ ತಂದುಕೊಡುವ ಈ ವ್ಯಂಗ್ಯ ನನಗೆ ಬಹಳ ಇಷ್ಟ.

ಎಲ್ಲಕ್ಕಿಂತ ಹಟಮಾರಿ ಸಂಗೀತ. ಯುರೋಪಿನ ಒಗ್ಗಟ್ಟಿನ ಸಂಭ್ರಮಕ್ಕೆ ಹನ್ನೆರಡು ನಗರಗಳಲ್ಲಿ ಒಂದೇ ಹೊತ್ತಿಗೆ ನುಡಿಸಬೇಕಾದ ಕೃತಿಯನ್ನು ಪ್ಯಾಟ್ರಿಸ್ ಬರೆಯುತ್ತಿರುತ್ತಾನೆ. ಇದು ಆ ದಿನಗಳ ನಿಜವಾದ ಉತ್ಸಾಹ. ಯುರೋಪಿಯನ್ ಒಕ್ಕೂಟ ಕಟ್ಟುವ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ 1992ರ ಫೆಬ್ರುವರಿಯಲ್ಲಿ ಹನ್ನೆರಡು ದೇಶಗಳು ಸಹಿ ಹಾಕಿದ್ದವು. 1993ರ ನವೆಂಬರಿನಲ್ಲಿ ಒಕ್ಕೂಟ ಜಾರಿಗೆ ಬಂತು. ನಡುವೆ ಸೆಪ್ಟೆಂಬರಿನಲ್ಲಿ ಈ ಸಿನಿಮಾ ತೆರೆಗೆ ಬಂತು. ಖಂಡವೊಂದು ಒಂದಾಗುತ್ತಿರುವ ಹೊತ್ತಿಗೆ ಎಲ್ಲರಿಂದ ಬೇರೆಯಾಗಲು ಹೊರಟ ಹೆಂಗಸಿನ ಕಥೆ.

ಸಂಗೀತ ಮಾಡಿದವರು ಝ್ಬಿಗ್ನಿಯೆವ್ ಪ್ರೈಸ್ನರ್. ಹೆಚ್ಚಿನ ಸಿನಿಮಾಗಳಲ್ಲಿ ಹಿನ್ನೆಲೆ ಸಂಗೀತ ಚಿತ್ರೀಕರಣ ಮುಗಿದ ಮೇಲೆ ಬರುತ್ತದೆ. ಇಲ್ಲಿ ಚಿತ್ರೀಕರಣಕ್ಕೆ ಮುಂಚೆಯೇ ಸಂಗೀತ ಸಿದ್ಧವಾಗಿತ್ತು, ಯಾಕೆಂದರೆ ಅದೇ ಒಂದು ಪಾತ್ರ. ಹಾಳೆಗಳನ್ನು ಕಸಕ್ಕೆ ಎಸೆದರೂ ನಕಲು ಉಳಿದಿರುತ್ತದೆ. ಬೀದಿಯಲ್ಲಿ ಕೊಳಲು ನುಡಿಸುವ ಬಡವನೊಬ್ಬ ಹೇಗೋ ಅದೇ ರಾಗ ನುಡಿಸುತ್ತಾನೆ. ಎಲ್ಲಿಂದ ಕಲಿತೆ ಅಂದರೆ ನಾನೇ ಏನೇನೋ ಕಟ್ಟುತ್ತಿರುತ್ತೇನೆ ಅನ್ನುತ್ತಾನೆ. ಸಿನಿಮಾ ಇದಕ್ಕೆ ಕಾರಣ ಕೊಡುವುದಿಲ್ಲ, ಕೇಳುವುದೂ ಬೇಡ. ಕೃತಿಯಲ್ಲಿ ಬರುವ ವಾನ್ ಡೆನ್ ಬುಡೆನ್‌ಮಾಯರ್ ಎಂಬ ಡಚ್ ಸಂಯೋಜಕನನ್ನು ಹುಡುಕಲೂ ಹೋಗಬೇಡಿ. ಅಂಥವನು ಯಾವತ್ತೂ ಇರಲಿಲ್ಲ. ಕಿಯೆಶ್ಲೋವ್‌ಸ್ಕಿ ಮತ್ತು ಪ್ರೈಸ್ನರ್ ಸೇರಿ ಕಟ್ಟಿದ ಹೆಸರು ಅದು.

ಅಂತ್ಯಸಂಸ್ಕಾರದಲ್ಲಿ ಕೇಳುವ ಸಂಗೀತಕ್ಕೆ ಮಾತ್ರ ಒಂದು ಹಳೆಯ ಕಥೆ ಇದೆ. 1985ರಲ್ಲಿ ಕಿಯೆಶ್ಲೋವ್‌ಸ್ಕಿ, ಪೀಸಿಯೆವಿಚ್, ಪ್ರೈಸ್ನರ್ ಮೂವರೂ ಮೊದಲ ಬಾರಿ ಒಟ್ಟಿಗೆ ಮಾಡಿದ ಪೋಲಿಷ್ ಸಿನಿಮಾ ‘ನೋ ಎಂಡ್’. ಅದರ ರಾಗವೇ ಇಲ್ಲಿ ಮರಳಿ ಬಂದಿದೆ. ಅದೂ ಗಂಡನನ್ನು ಕಳೆದುಕೊಂಡವಳ ಕಥೆಯೇ. ಪೋಲೆಂಡಿನಲ್ಲಿ ಮಿಲಿಟರಿ ಆಡಳಿತದ ಕಾಲ, ಗಂಡ ವಕೀಲ. ಆ ಹೆಂಡತಿಯೂ ಬದುಕಲು ಹೆಣಗುತ್ತಾಳೆ, ಕೊನೆಗೆ ಆಗದೆ ಪ್ರಾಣ ಬಿಡುತ್ತಾಳೆ. ಎಂಟು ವರ್ಷದ ಮೇಲೆ ಅದೇ ನಿರ್ದೇಶಕ ಅದೇ ರಾಗ ಹಿಡಿದು ಅದೇ ಪ್ರಶ್ನೆ ಕೇಳಿದ್ದಾರೆ. ಈ ಸಲ ಸಾಯುವ ಪ್ರಯತ್ನ ಮೊದಲ ಹತ್ತು ನಿಮಿಷದಲ್ಲೇ ಸೋತುಹೋಗುತ್ತದೆ. ಬದುಕಲೇಬೇಕಾದವಳಿಗೆ ಮುಂದೇನು ಅನ್ನುವುದರಿಂದ ‘ಬ್ಲೂ’ ಶುರುವಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡಿದರೆ ಕಿಯೆಶ್ಲೋವ್‌ಸ್ಕಿ ತಮ್ಮ ಹಳೆಯ ಉತ್ತರವನ್ನೇ ತಿದ್ದಿಕೊಂಡ ಹಾಗೆ ಕಾಣುತ್ತದೆ.

ಕ್ಲಬ್ಬಿನ ಟಿವಿಯೊಂದರಲ್ಲಿ ಗಂಡನ ಜೊತೆ ಇನ್ನೊಬ್ಬಳು ಇರುವ ಫೋಟೋ ಜೂಲಿಯ ಕಣ್ಣಿಗೆ ಬೀಳುತ್ತದೆ. ಹುಡುಕಿಕೊಂಡು ನ್ಯಾಯಾಲಯಕ್ಕೆ ಹೋದರೆ ಆ ಸಾಂಡ್ರಿನ್ ವಕೀಲೆ, ಮೇಲಾಗಿ ಬಸುರಿ. ಅವಳ ಕತ್ತಿನಲ್ಲಿ ತನ್ನದರಂಥದ್ದೇ ಶಿಲುಬೆಯ ಸರ. ಕೂಗಾಟ ಇಲ್ಲ. ಜೂಲಿ ಆ ದೊಡ್ಡ ಮನೆಯನ್ನು, ಗಂಡನ ಹೆಸರನ್ನು ಹುಟ್ಟಲಿರುವ ಮಗುವಿಗೆ ಕೊಟ್ಟುಬಿಡುತ್ತಾಳೆ. ಇದು ಅನೇಕರಿಗೆ ಸಿಟ್ಟು ತರಿಸುವ ಜಾಗ. ಅಷ್ಟೂ ಒಳ್ಳೆಯವಳಾ? ಒಳ್ಳೆಯತನ ಇಲ್ಲಿ ಅರ್ಧ ಮಾತ್ರ. ಅವಳು ಅಷ್ಟು ಕಷ್ಟಪಟ್ಟು ಓಡಿಹೋಗುತ್ತಿದ್ದ ಹಳೆಯ ಬದುಕು ಅವಳು ಅಂದುಕೊಂಡ ಹಾಗೆ ಇರಲೇ ಇಲ್ಲ. ಇಲ್ಲದ್ದರಿಂದ ಎಷ್ಟು ದೂರ ಓಡುವುದು? ಇಲ್ಲಿಯವರೆಗೆ ಎಸೆಯುತ್ತಾ ಬಂದವಳು ಈಗ ಯಾರಿಗೋ ಏನನ್ನೋ ಕೊಡುತ್ತಾಳೆ.

ಆದರೆ ನಿಜವಾದ ತಿರುವು ಇದಲ್ಲ. ಕೃತಿಯನ್ನು ಪೂರ್ತಿ ಮಾಡಲು ಒಲಿವಿಯೆ ಒಪ್ಪಿಕೊಂಡಿರುತ್ತಾನೆ. ಜೂಲಿ ಅವನ ಪಕ್ಕ ಕೂತು ತಿದ್ದುತ್ತಾಳೆ. ತಾಳವಾದ್ಯ ತೆಗೆ, ಕಹಳೆ ತೆಗೆ, ಪಿಯಾನೊ ಬದಲು ಕೊಳಲು. ಅವಳು ಹೇಳಿದ ಹಾಗೇ ನಮಗೆ ಕೇಳುವ ಸಂಗೀತ ಬದಲಾಗುತ್ತದೆ, ಪರದೆ ಮಸುಕಾಗಿ ಬರೀ ಸ್ವರ ಉಳಿಯುತ್ತದೆ. ಗಂಡನ ಸಂಗೀತ ಬರೆಯುತ್ತಿದ್ದುದು ನೀವೇನಾ ಅಂತ ಪತ್ರಕರ್ತೆ ಮೊದಲೇ ಕೇಳಿದ್ದಳು. ಸಿನಿಮಾ ನೇರ ಉತ್ತರ ಕೊಡುವುದಿಲ್ಲ, ಆದರೆ ಇಷ್ಟು ನೋಡಿದ ಮೇಲೆ ನಮಗೆ ಅನುಮಾನ ಉಳಿಯುವುದಿಲ್ಲ. ಕೆಲಸ ಮುಗಿಸಿ ಫೋನ್ ಮಾಡಿದ ಜೂಲಿಗೆ ಒಲಿವಿಯೆ ಒಂದು ಮಾತು ಹೇಳುತ್ತಾನೆ. ಇದು ನನ್ನ ಹೆಸರಲ್ಲಿ ಹೊರಬಂದರೆ ನನ್ನ ಹಾಗೇ ಸ್ವಲ್ಪ ಒರಟಾಗಿರಲಿ. ನಿನ್ನದಾದರೆ, ಅದು ನಿನ್ನದು ಅಂತ ಎಲ್ಲರಿಗೂ ಗೊತ್ತಾಗಬೇಕು.

ಎಲ್ಲರೂ ಅವಳಿಗೆ ಸಾಂತ್ವನ ಕೊಡಲು ನೋಡಿದ್ದರು. ಇವನೊಬ್ಬ ಅವಳ ಹೆಸರು ಕೇಳಿದ. ಯಾರ ಕಣ್ಣಿಗೂ ಬೀಳದೆ ಬದುಕುವುದೇ ಸ್ವಾತಂತ್ರ್ಯ ಅಂದುಕೊಂಡವಳು ಒಂದು ಕ್ಷಣ ತಡೆದು, ನೀನು ಹೇಳುವುದು ಸರಿ ಅನ್ನುತ್ತಾಳೆ. ಮತ್ತೆ ಫೋನ್ ಮಾಡಿ, ಇನ್ನೂ ನನ್ನನ್ನು ಪ್ರೀತಿಸುತ್ತೀಯಾ, ಒಬ್ಬನೇ ಇದ್ದೀಯಾ ಅಂತ ಕೇಳಿ ಹೊರಡುತ್ತಾಳೆ.

ಆಮೇಲೆ ಬರುವ ಉದ್ದನೆಯ ಹಾಡು ಗ್ರೀಕ್ ಭಾಷೆಯಲ್ಲಿದೆ. ಬೈಬಲ್ಲಿನ ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ. ದೇವದೂತರ ಭಾಷೆ ಆಡಿದರೂ ಪ್ರೀತಿ ಇಲ್ಲದಿದ್ದರೆ ನಾನು ಬರೀ ಸದ್ದು ಮಾಡುವ ಕಂಚು ಅನ್ನುವ ಸಾಲುಗಳು. ಆ ಸ್ವರದ ಮೇಲೆ ಕ್ಯಾಮೆರಾ ಒಬ್ಬೊಬ್ಬರ ಹತ್ತಿರವೂ ಹೋಗುತ್ತದೆ. ಆಂತ್ವಾನ್, ತಾಯಿ, ಕ್ಲಬ್ಬಿನಲ್ಲಿ ಲುಸೀಲ್, ಸ್ಕ್ಯಾನಿಂಗ್ ಪರದೆಯಲ್ಲಿ ಸಾಂಡ್ರಿನ್‌ಳ ಮಗು. ಕೊನೆಗೆ ಜೂಲಿ ಅಳುತ್ತಾಳೆ. ಸ್ವಾತಂತ್ರ್ಯದ ಮೇಲಿನ ಸಿನಿಮಾ ನಾಯಕಿ ಅದನ್ನು ಬಿಟ್ಟುಕೊಡುವುದರಲ್ಲಿ ಮುಗಿಯುತ್ತದೆ. ಪ್ರೀತಿ ಬಿಡುಗಡೆಯೋ ಸೆರೆಯೋ ಅನ್ನುವ ಅನುಮಾನ ಕಿಯೆಶ್ಲೋವ್‌ಸ್ಕಿಗೂ ಇತ್ತು. ಅವರು ಅದನ್ನು ಬಗೆಹರಿಸಿಲ್ಲ. ಇದನ್ನು ಸುಖಾಂತ್ಯ ಅನ್ನುವವರ ಜೊತೆ ನಾನು ಪೂರ್ತಿ ಒಪ್ಪಲಾರೆ.

ವೆನಿಸ್ ಚಿತ್ರೋತ್ಸವದಲ್ಲಿ ಈ ಸಿನಿಮಾಕ್ಕೆ ಅಲ್ಲಿನ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಲಯನ್ ಬಂತು, ರಾಬರ್ಟ್ ಆಲ್ಟ್‌ಮನ್ ಅವರ ಸಿನಿಮಾದ ಜೊತೆ ಹಂಚಿಕೊಂಡು. ಬಿನೋಶ್ ಅಲ್ಲಿ ಅತ್ಯುತ್ತಮ ನಟಿ. ‘ವೈಟ್’ ಮತ್ತು ‘ರೆಡ್’ 1994ರಲ್ಲಿ ಬಂದವು, ಅಲ್ಲಿಗೆ ಸಿನಿಮಾ ಸಾಕು ಅಂತ ಕಿಯೆಶ್ಲೋವ್‌ಸ್ಕಿ ನಿವೃತ್ತಿ ಹೇಳಿಬಿಟ್ಟರು. 1996ರ ಮಾರ್ಚ್‌ನಲ್ಲಿ ಹೃದಯದ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗ ಅವರಿಗೆ 54 ವರ್ಷ.

ಮೂರನ್ನೂ ಬಂದ ಕ್ರಮದಲ್ಲೇ ನೋಡಿ. ಮೂರರಲ್ಲೂ ಬೆನ್ನು ಬಾಗಿದ ಮುದಿ ಜೀವವೊಂದು ಬಾಟಲಿಯನ್ನು ಎತ್ತರದ ತೊಟ್ಟಿಗೆ ಹಾಕಲು ಕಷ್ಟಪಡುತ್ತದೆ. ‘ಬ್ಲೂ’ನಲ್ಲಿ ಜೂಲಿ ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಒಡ್ಡಿ ಕೂತಿರುತ್ತಾಳೆ, ಅಜ್ಜಿಯನ್ನು ನೋಡುವುದೇ ಇಲ್ಲ. ‘ರೆಡ್’ನ ನಾಯಕಿ ಹೋಗಿ ಬಾಟಲಿ ಒಳಗೆ ತಳ್ಳುತ್ತಾಳೆ. ಆ ‘ರೆಡ್’ನ ಕೊನೆಯಲ್ಲಿ ಹಡಗೊಂದು ಮುಳುಗುತ್ತದೆ, ಬದುಕುಳಿದ ಏಳು ಜನರಲ್ಲಿ ಜೂಲಿ ಮತ್ತು ಒಲಿವಿಯೆ ಇರುತ್ತಾರೆ. ಅಂದರೆ ಇಬ್ಬರೂ ಜೊತೆಗೇ ಇದ್ದಾರೆ ಅಂತಾಯಿತು. ಆದರೆ ಟಿವಿಯ ವಾರ್ತೆಯವರು ಅವಳನ್ನು ಗುರುತಿಸುವುದು ಹೇಗೆ ಗೊತ್ತಾ? ಕಳೆದ ವರ್ಷ ತೀರಿಕೊಂಡ ಸಂಗೀತಗಾರನ ವಿಧವೆ ಅಂತ.